ಇಳಕಲ್ಲಿನ ಬೇಸಿಗೆ ರಜೆ: ಆನ್‌ಲೈನ್ ವಿಜ್ಞಾನ ಯಾರ ಬಾಗಿಲಿಗೆ?

ಪ್ರತಿವರ್ಷ ಏಪ್ರಿಲ್ ಎರಡನೇ ವಾರ ರಾಜ್ಯದ ಶಾಲೆಗಳಿಗೆ ಬೀಗ ಬೀಳುತ್ತದೆ. ಮತ್ತೆ ತೆರೆಯುವುದು ಮೇ ಕೊನೆಗೆ. ನಡುವಿನ ಏಳು ವಾರಗಳು ಬೆಂಗಳೂರು, ಮೈಸೂರು, ಮಂಗಳೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಶಿಬಿರಗಳ ಋತುವಾಗಿ ಮಾರ್ಪಟ್ಟು ದಶಕಗಳೇ ಸಂದಿವೆ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ 1989ರಿಂದಲೂ ನಗರದ ಮಕ್ಕಳಿಗೆ ಕೈಗೆಟುಕುವ ದೂರದಲ್ಲಿದೆ. ಮಂಗಳೂರಿಗೆ ಪಿಲಿಕುಳವಿದೆ, ಧಾರವಾಡಕ್ಕೆ ವಿಶ್ವವಿದ್ಯಾಲಯದ ಆವರಣದಲ್ಲೇ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ, ಕಲಬುರಗಿಗೆ 1984ರಷ್ಟು ಹಿಂದೆಯೇ ಜಿಲ್ಲಾ ವಿಜ್ಞಾನ ಕೇಂದ್ರ ದೊರೆತಿದೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಒಂಬತ್ತನೇ ತರಗತಿ ಮುಗಿಸಿದ ಬಾಲಕ ಅಥವಾ ಬಾಲಕಿಗೆ ಇದೇ ಏಳು ವಾರ ಬೇರೆ ರೀತಿಯಲ್ಲಿ ಬರುತ್ತದೆ. ಬಿಸಿಲು ನಲವತ್ತರ ಆಸುಪಾಸಿಗೇರುತ್ತದೆ. ನೇಕಾರರ ಮನೆಯಾದರೆ ಕಂಡಿಕೆ ಸುತ್ತುವ ಕೈಗಳಿಗೆ ಎರಡು ಹೆಚ್ಚುವರಿ ಕೈಗಳು ಸಿಗುತ್ತವೆ. ಉಳಿದ ಹೊತ್ತಿಗೆ ಮೊಬೈಲ್ ಇದೆ.

ಈ ಅಂತರವನ್ನು ಆನ್‌ಲೈನ್ ಕಲಿಕೆ ತುಂಬಿಬಿಡುತ್ತದೆಂಬುದು ಕಳೆದ ಎರಡು ದಶಕಗಳಿಂದ ಕೇಳಿಬರುತ್ತಿರುವ ಮಾತು. ಶಿಬಿರಕ್ಕೆ ಹೋಗಲಾಗದವನ ಮನೆಗೆ ಶಿಬಿರವೇ ಬರಲಿ ಎಂಬ ತರ್ಕ ಮೇಲ್ನೋಟಕ್ಕೆ ಆಕರ್ಷಕ. ಆದರೆ ತಂತ್ರಜ್ಞಾನದ ಮೂಲಕ ವಿಜ್ಞಾನವನ್ನು ಹಳ್ಳಿ, ಪಟ್ಟಣಗಳಿಗೆ ಒಯ್ಯುವ ಪ್ರಯತ್ನಗಳ ಇತಿಹಾಸ ನಮ್ಮ ರಾಜ್ಯದ ಮಟ್ಟಿಗೆ ಸಾಕಷ್ಟು ಉದ್ದವಾಗಿದೆ. ಅದನ್ನು ಒಮ್ಮೆ ತಿರುವಿ ನೋಡದೆ ಮುಂದಿನ ಬೇಸಿಗೆಗೆ ಯೋಜನೆ ಹಾಕುವುದು ಸರಿಯಲ್ಲ.

2001ರ ಸುಮಾರಿಗೆ ಆರಂಭವಾದ ಮಾಹಿತಿ ಸಿಂಧು ಯೋಜನೆ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳನ್ನು ತಂದಿತು. 2004ರ ಸೆಪ್ಟೆಂಬರ್ 20ರಂದು ಇಸ್ರೊ ಹಾರಿಸಿದ ಎಜುಸ್ಯಾಟ್ ಉಪಗ್ರಹ ಶಿಕ್ಷಣಕ್ಕೆಂದೇ ಮೀಸಲಾಗಿತ್ತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪ್ರಯೋಗಶಾಲೆಯಾದವು. 2010ರಲ್ಲಿ ಉಪಗ್ರಹ ನಿವೃತ್ತವಾಯಿತು. 2017ರಲ್ಲಿ ದೀಕ್ಷಾ ಬಂತು. ಪಠ್ಯಪುಸ್ತಕದ ಪುಟಗಳಲ್ಲಿ ಕಪ್ಪು ಬಿಳುಪಿನ ಕ್ಯುಆರ್ ಚೌಕಗಳು ಕಾಣಿಸಿಕೊಂಡವು. ಪ್ರತಿ ಸಲವೂ ಉಪಕರಣ ಹೊಸದು, ಹಿಂದಿನ ಕಲ್ಪನೆ ಮಾತ್ರ ಹಳೆಯದು. ದೂರದಲ್ಲಿ ಒಬ್ಬ ಒಳ್ಳೆಯ ಶಿಕ್ಷಕ ಮಾತನಾಡುತ್ತಾನೆ, ಇಲ್ಲಿ ಮಕ್ಕಳು ಕೇಳಿಸಿಕೊಳ್ಳುತ್ತಾರೆ.

ಈ ಕಲ್ಪನೆಯ ಅತಿ ದೊಡ್ಡ ಪರೀಕ್ಷೆ ನಡೆದದ್ದು ಯಾರೂ ಬಯಸದ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದ ನಂತರ ಚಂದನ ವಾಹಿನಿಯಲ್ಲಿ ಸಂವೇದ ಇ-ತರಗತಿಗಳು ಪ್ರಸಾರವಾದವು. ಅದೇ ಆಗಸ್ಟ್‌ನಲ್ಲಿ ವಿದ್ಯಾಗಮ ಆರಂಭವಾಗಿ, ಶಿಕ್ಷಕರೇ ಗುಡಿಕಟ್ಟೆ, ಮರದ ನೆರಳುಗಳಿಗೆ ನಡೆದು ಹೋಗಿ ಸಣ್ಣ ಗುಂಪುಗಳಿಗೆ ಪಾಠ ಮಾಡಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ಸ್ಥಗಿತಗೊಂಡಿತು. ಟಿವಿ ಪಾಠಕ್ಕಿಂತ ಕಟ್ಟೆಯ ಮೇಲಿನ ಪಾಠಕ್ಕೇ ಪೋಷಕರು ಹೆಚ್ಚು ಬೆಲೆ ಕೊಟ್ಟರೆಂಬುದು ಆ ದಿನಗಳನ್ನು ಕಂಡವರಿಗೆ ಗೊತ್ತಿರುವ ಸಂಗತಿ. ತರಗತಿಗಳನ್ನು ಕ್ರಮವಾಗಿ ತೆರೆಯಲು ಹೊರಟಾಗ, 2021ರ ಜನವರಿ 1ರಂದು, ಮೊದಲು ಬಾಗಿಲು ತೆರೆದುಕೊಂಡದ್ದು ಹತ್ತನೆಯ ಹಾಗೂ ದ್ವಿತೀಯ ಪಿಯು ತರಗತಿಗಳಿಗೆ. ಹದಿಹರೆಯದವರಿಗೆ ಪರದೆಯೊಂದೇ ಸಾಲದೆಂಬುದನ್ನು ಇಲಾಖೆಯೇ ಒಪ್ಪಿಕೊಂಡಂತಾಯಿತು.

ಬಾಗಿಲುಗಳು ಆನ್‌ಲೈನ್, ಮನೆ ದೂರ

ಹಾಗೆಂದು ಬೇಸಿಗೆಯ ವಿಜ್ಞಾನ ಕಾರ್ಯಕ್ರಮಗಳೇ ಇಲ್ಲವೆಂದಲ್ಲ. ಇಸ್ರೊ 2019ರಲ್ಲಿ ಆರಂಭಿಸಿದ ಯುವಿಕಾ ಅವುಗಳಲ್ಲಿ ಅತ್ಯಂತ ಪ್ರಸಿದ್ಧ. ಒಂಬತ್ತನೇ ತರಗತಿಯ ವಿದ್ಯಾರ್ಥಿಗಳನ್ನು ಆಯ್ದು, ಬೇಸಿಗೆಯಲ್ಲಿ ಸುಮಾರು ಎರಡು ವಾರ ಬಾಹ್ಯಾಕಾಶ ಕೇಂದ್ರಗಳಲ್ಲಿ ಉಳಿಸಿಕೊಂಡು ಕಲಿಸುವ ಕ್ರಮವಿದು. ಮೊದಲ ವರ್ಷ 111 ಮಕ್ಕಳು, 2022ರಲ್ಲಿ 153, 2023ರಲ್ಲಿ 337, 2024ರಲ್ಲಿ 351 ಮಕ್ಕಳು ಭಾಗವಹಿಸಿದರು. 2020 ಮತ್ತು 2021ರಲ್ಲಿ ಕಾರ್ಯಕ್ರಮ ನಡೆಯಲೇ ಇಲ್ಲ. 2023ರಲ್ಲಿ ನೋಂದಾಯಿಸಿಕೊಂಡವರ ಸಂಖ್ಯೆ ಲಕ್ಷ ಮೀರಿತ್ತು ಎಂಬುದನ್ನು ನೆನೆದರೆ ಆಯ್ಕೆಯ ಬಾಗಿಲು ಎಷ್ಟು ಕಿರಿದೆಂಬುದು ಅರಿವಾಗುತ್ತದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಶಿಬಿರಗಳು ಹತ್ತನೇ ತರಗತಿಯಲ್ಲಿ ತಮ್ಮ ಮಂಡಳಿಯ ಅಗ್ರ ಶೇ 1ರೊಳಗೆ ಬಂದು, ಪಿಯುನಲ್ಲಿ ವಿಜ್ಞಾನ ಆಯ್ದುಕೊಂಡವರಿಗೆ ಮಾತ್ರ. 1999ರಲ್ಲಿ ಶುರುವಾದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 2022ರಲ್ಲಿ ಇನ್‌ಸ್ಪೈರ್‌ನೊಳಗೆ ವಿಲೀನಗೊಂಡು ಇತಿಹಾಸ ಸೇರಿತು. ಅದರ ಪರೀಕ್ಷೆ ಇದ್ದಷ್ಟು ಕಾಲವೂ ಇಂಗ್ಲಿಷ್ ಮತ್ತು ಹಿಂದಿಯಲ್ಲೇ ನಡೆಯಿತು. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಯುವಿಕಾ ಆಯ್ಕೆಯಲ್ಲಿ ಪಂಚಾಯಿತಿ ವ್ಯಾಪ್ತಿಯ ಶಾಲೆಗಳ ಮಕ್ಕಳಿಗೆ ಹೆಚ್ಚುವರಿ ಅಂಕದ ಆದ್ಯತೆ ಇದೆ. ಇದು ಸ್ವಾಗತಾರ್ಹ ಕ್ರಮವೇ. ಆದರೆ 2011ರ ಜನಗಣತಿಯಲ್ಲಿ ಸುಮಾರು 60 ಸಾವಿರ ಜನಸಂಖ್ಯೆ ಹೊಂದಿದ್ದ ಇಳಕಲ್ ಪಟ್ಟಣವೇ ಹೊರತು ಪಂಚಾಯಿತಿಯಲ್ಲ. ಪಟ್ಟಣದೊಳಗಿನ ಶಾಲೆಯ ಮಗುವಿಗೆ ಹಳ್ಳಿಯ ಮಗುವಿಗಿರುವ ಆದ್ಯತೆ ಸಿಗದು, ಬೆಂಗಳೂರಿನ ಮಗುವಿಗಿರುವ ತಾರಾಲಯವೂ ಸಿಗದು. ಇಂಥ ನಡುವಿನ ಊರುಗಳು ರಾಜ್ಯದಲ್ಲಿ ಹತ್ತಾರಿವೆ; ಯೋಜನೆ ಬರೆಯುವವರ ಕಣ್ಣಿಗೆ ಅವು ಬೀಳುವುದು ಅಪರೂಪ. ಗಮನಿಸಬೇಕಾದ ಮತ್ತೊಂದು ಅಂಶವಿದೆ. ಈ ಕಾರ್ಯಕ್ರಮಗಳಲ್ಲಿ ಅರ್ಜಿ, ಪ್ರಮಾಣಪತ್ರದ ಪ್ರತಿ, ರಸಪ್ರಶ್ನೆ ಎಲ್ಲವೂ ಆನ್‌ಲೈನ್. ಕಲಿಕೆ ಮಾತ್ರ ಶ್ರೀಹರಿಕೋಟಾದಲ್ಲೋ ಬೆಂಗಳೂರಿನಲ್ಲೋ ಕೈಗೆ ಕೈ ತಾಗುವಷ್ಟು ಹತ್ತಿರದಲ್ಲಿ ನಡೆಯುತ್ತದೆ. ಕಲಿಸುವ ಸಂಸ್ಥೆಗಳೇ ತಮ್ಮ ಮಟ್ಟಿಗೆ ಯಾವುದನ್ನು ಆಯ್ದುಕೊಂಡಿವೆ ಎಂಬುದು ಇದರಿಂದ ಸ್ಪಷ್ಟ.

ಮೊಬೈಲ್ ಇದೆ, ಯಾರ ಕೈಯಲ್ಲಿ?

ಉಪಕರಣವೇ ಇಲ್ಲ ಎಂಬ ಹಳೆಯ ದೂರಿಗೆ ಈಗ ಅರ್ಥ ಉಳಿದಿಲ್ಲ. ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದ ಶಾಲಾ ಮಕ್ಕಳ ಪ್ರಮಾಣ 2018ರಲ್ಲಿ ಶೇ 36.5 ಇದ್ದದ್ದು 2021ರ ವೇಳೆಗೆ ಶೇ 67.6ಕ್ಕೇರಿತು. 2024ರ ಸಮೀಕ್ಷೆಯಲ್ಲಿ 14ರಿಂದ 16 ವರ್ಷದವರ ಪೈಕಿ ಸುಮಾರು ಶೇ 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಕಂಡುಬಂದಿತು. ಅದನ್ನು ಬಳಸಬಲ್ಲವರು ಶೇ 82.2. ಬಳಸಬಲ್ಲವರಲ್ಲಿ ಹಿಂದಿನ ಒಂದು ವಾರದಲ್ಲಿ ಕಲಿಕೆಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ಶೇ 76. ಸ್ವಂತ ಫೋನ್ ಇರುವವರ ಪ್ರಮಾಣದಲ್ಲಿ ಮಾತ್ರ ಅಂತರ ಎದ್ದು ಕಾಣುತ್ತದೆ. ಹುಡುಗರಲ್ಲಿ ಅದು ಶೇ 36.2, ಹುಡುಗಿಯರಲ್ಲಿ ಶೇ 26.9.

ಈ ಕೊನೆಯ ಎರಡು ಅಂಕಿಗಳು ಉಳಿದವುಗಳಿಗಿಂತ ಹೆಚ್ಚು ಹೇಳುತ್ತವೆ. ಮನೆಯಲ್ಲಿ ಫೋನ್ ಇರುವುದು ಒಂದು, ಮಧ್ಯಾಹ್ನ ಎರಡು ಗಂಟೆ ಅದನ್ನು ಪಾಠಕ್ಕೆಂದು ಹಿಡಿದು ಕೂರುವ ಅಧಿಕಾರ ಮನೆಯ ಮಗಳಿಗಿರುವುದು ಇನ್ನೊಂದು. ‘ಅವರವರ ಫೋನಿನಲ್ಲಿ ಅವರವರು ಕಲಿಯಲಿ’ ಎಂಬ ಮಾದರಿ ಮೊದಲು ಬಿಟ್ಟುಬಿಡುವುದು ಅವಳನ್ನೇ.

ಒಬ್ಬೊಬ್ಬರೇ ಕುಳಿತು ಕಲಿಯುವ ಆನ್‌ಲೈನ್ ಶಿಕ್ಷಣದ ಫಲವೇನೆಂಬುದಕ್ಕೆ ಜಗತ್ತಿನ ಅತ್ಯಂತ ಸುಸಜ್ಜಿತ ಸಂಸ್ಥೆಗಳಲ್ಲೇ ಉತ್ತರವಿದೆ. ಹಾರ್ವರ್ಡ್ ಮತ್ತು ಎಂಐಟಿ ನಡೆಸಿದ ಮುಕ್ತ ಕೋರ್ಸುಗಳ ದತ್ತಾಂಶವನ್ನು ಪರಿಶೀಲಿಸಿ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2017–18ರ ಸಾಲಿನಲ್ಲಿ ಕೋರ್ಸ್ ಪೂರೈಸಿದವರು ಎಲ್ಲ ಕಲಿಕಾರ್ಥಿಗಳ ಪೈಕಿ ಶೇ 3.13 ಮಾತ್ರ. ಅಲ್ಲಿದ್ದವರಲ್ಲಿ ವಯಸ್ಕರು, ಪದವೀಧರರೇ ಅನೇಕರು. ಹದಿನಾಲ್ಕರ ಹುಡುಗನಿಂದ ಅದಕ್ಕಿಂತ ಹೆಚ್ಚಿನ ಸಂಯಮವನ್ನು, ಅದೂ ಮೇ ತಿಂಗಳ ಮಧ್ಯಾಹ್ನದಲ್ಲಿ, ನಿರೀಕ್ಷಿಸುವುದು ನ್ಯಾಯವಲ್ಲ.

ಇದಕ್ಕೆ ಪ್ರತಿಯಾಗಿ ನಿಲ್ಲುವ ಉದಾಹರಣೆ ದೆಹಲಿಯದು. ಅಲ್ಲಿನ ಬಡ ಬಡಾವಣೆಗಳಲ್ಲಿ ನಡೆಯುತ್ತಿದ್ದ ಮೈಂಡ್‌ಸ್ಪಾರ್ಕ್ ಕೇಂದ್ರಗಳ ಕುರಿತು ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕೇವಲ ನಾಲ್ಕೂವರೆ ತಿಂಗಳಲ್ಲಿ ಮಕ್ಕಳ ಕಲಿಕೆ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಮಾನಕ ವಿಚಲನೆಯಷ್ಟು ಮೇಲೇರಿತು. ಶಿಕ್ಷಣ ಕ್ಷೇತ್ರದ ಮಟ್ಟಿಗೆ ಇದು ದೊಡ್ಡ ಏರಿಕೆ. ಇದನ್ನು ತಂತ್ರಾಂಶದ ಗೆಲುವೆಂದು ಉಲ್ಲೇಖಿಸುವವರು ಒಂದು ವಿವರವನ್ನು ಬಿಟ್ಟುಬಿಡುತ್ತಾರೆ. ಆ ಮಕ್ಕಳು ಮನೆಯಲ್ಲಿ ಕುಳಿತು ಕಲಿಯಲಿಲ್ಲ. ವಾರಕ್ಕೆ ಆರು ದಿನ ಒಂದು ಕೇಂದ್ರಕ್ಕೆ ಬಂದು, 45 ನಿಮಿಷ ಕಂಪ್ಯೂಟರಿನ ಮುಂದೆ, ಇನ್ನು 45 ನಿಮಿಷ ಸಣ್ಣ ಗುಂಪಿನಲ್ಲಿ ಬೋಧಕರ ಮುಂದೆ ಕುಳಿತರು. ಪ್ರತಿ ಮಗುವಿನ ಮಟ್ಟಕ್ಕೆ ತಕ್ಕ ಪ್ರಶ್ನೆ ಕೊಟ್ಟದ್ದು ತಂತ್ರಾಂಶ. ಮಗು ದಿನವೂ ಬರುವಂತೆ ನೋಡಿಕೊಂಡದ್ದು ಕೇಂದ್ರ.

ವಿಜ್ಞಾನದ ವಿಷಯದಲ್ಲೂ ಇಂಥದೇ ಸಾಕ್ಷ್ಯವಿದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ವಿಜೇತ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯ ಅನುಕರಣೆಗಳು ಇಂದು ಉಚಿತವಾಗಿ ದೊರೆಯುತ್ತವೆ, ಅವುಗಳಲ್ಲಿ ಹಲವು ಕನ್ನಡದಲ್ಲೂ ಇವೆ. ಬ್ಯಾಟರಿ, ತಂತಿ, ಬಲ್ಬುಗಳನ್ನು ಪರದೆಯ ಮೇಲೆ ಜೋಡಿಸಿ ವಿದ್ಯುನ್ಮಂಡಲ ಕಟ್ಟಿದ ಕಾಲೇಜು ವಿದ್ಯಾರ್ಥಿಗಳು, ನಿಜವಾದ ಉಪಕರಣಗಳಲ್ಲಿ ಕಲಿತವರಿಗಿಂತ ಪರಿಕಲ್ಪನೆಗಳಲ್ಲಿ ಮುಂದಿದ್ದರೆಂದು 2005ರ ಒಂದು ಅಧ್ಯಯನ ತೋರಿಸಿತು. ಸೋಜಿಗವೆಂದರೆ ನಿಜವಾದ ಮಂಡಲ ಕಟ್ಟುವ ಪರೀಕ್ಷೆಯಲ್ಲೂ ಅವರೇ ಮೇಲುಗೈ ಸಾಧಿಸಿದರು. ವಿದ್ಯುತ್ ಪ್ರವಾಹ ತಂತಿಯೊಳಗೆ ಹೇಗೆ ಸಾಗುತ್ತದೆಂಬುದನ್ನು ಪರದೆ ಕಣ್ಣಿಗೆ ಕಾಣಿಸುತ್ತದೆ, ತಂತಿ ಕಾಣಿಸುವುದಿಲ್ಲ. ಆದರೆ ಅವರೂ ಪ್ರಯೋಗಾಲಯದಲ್ಲೇ, ಬೋಧಕರ ಸಮ್ಮುಖದಲ್ಲೇ, ಕೈಯಲ್ಲೊಂದು ಪ್ರಶ್ನಾವಳಿ ಹಿಡಿದು ಕೆಲಸ ಮಾಡಿದ್ದರು. ಪರದೆ ಅಲ್ಲಿ ಪ್ರಯೋಗಾಲಯದ ಮೇಜಿನ ಮೇಲಿನ ಒಂದು ಉಪಕರಣವಾಗಿತ್ತು.

ಕೊಳವೆಬಾವಿ, ಕಲ್ಲು, ನೆರಳು

ಇಳಕಲ್ಲಿನಲ್ಲಿ ಅಂಥ ಮೇಜು ಹೇಗಿರಬಹುದು? ಊರಿನ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದ ಸೀರೆಯಿಂದಲೇ ಆರಂಭಿಸಬಹುದು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿಗಳಿಂದ ಬೆಸೆಯುವ ತಂತ್ರ ಈ ಊರಿನ ವೈಶಿಷ್ಟ್ಯ. ಹತ್ತಿ ಮತ್ತು ರೇಷ್ಮೆ ಎಳೆಗಳು ಒಂದೇ ಬಣ್ಣವನ್ನು ಬೇರೆ ಬೇರೆಯಾಗಿ ಹೀರುವುದೇಕೆ, ಒಂದು ಎಳೆ ಎಷ್ಟು ತೂಕ ತಡೆದೀತು, ಕೊಂಡಿಯ ಜಾಗದಲ್ಲಿ ಆ ಶಕ್ತಿ ಕುಗ್ಗುವುದೇ ಹಿಗ್ಗುವುದೇ? ಸೀರೆ ಉಡುವವರು ಕೇಳದ ಈ ಪ್ರಶ್ನೆಗಳನ್ನು ಹದಿನೈದರ ಹುಡುಗಿ ಒಂದು ತಕ್ಕಡಿ ಮತ್ತು ಕೆಲವು ಎಳೆಗಳೊಂದಿಗೆ ಅಳೆದು ನೋಡಬಲ್ಲಳು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ ಉಚಿತ ಫೈಫಾಕ್ಸ್ ಆ್ಯಪ್ ಫೋನಿನೊಳಗಿನ ಸಂವೇದಕಗಳನ್ನೇ ಅಳತೆಯ ಸಾಧನವಾಗಿಸುತ್ತದೆ. ಕುಣಿಮಗ್ಗದ ಎರಡು ಬಡಿತಗಳ ನಡುವಿನ ಅವಧಿಯನ್ನು ಅದು ಶಬ್ದದಿಂದಲೇ ಲೆಕ್ಕ ಹಾಕುತ್ತದೆ. ಫೋನ್ ಇಲ್ಲಿ ಪಾಠ ಒಪ್ಪಿಸುವುದಿಲ್ಲ, ಅಳೆಯುತ್ತದೆ. ಅದಕ್ಕೆ ಅಂತರ್ಜಾಲ ಸಂಪರ್ಕವೂ ಬೇಕಿಲ್ಲ, ಹತ್ತು ಮಕ್ಕಳಿಗೆ ಒಂದೇ ಫೋನ್ ಸಾಕು.

ನೀರಿನ ವಿಷಯ ಇನ್ನೂ ಗಂಭೀರವಾದದ್ದು. ಇಳಕಲ್ ಗ್ರಾನೈಟ್ ಹೊರದೇಶಗಳಿಗೆ ಹೋಗುತ್ತದೆ. ಅದೇ ಗ್ರಾನೈಟ್ ಶಿಲೆಯ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಇಳಿಯುತ್ತದೆ. ಹುನಗುಂದ–ಇಳಕಲ್ ಭಾಗದ ಕೊಳವೆಬಾವಿಗಳ ಕುರಿತ ಹಳೆಯ ದೂರು ಇದೇ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಮೀರಿದರೆ ಮೊದಲು ಕಲೆಯಾಗುವುದು ಬೆಳೆಯುವ ಮಕ್ಕಳ ಹಲ್ಲು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್‌ನಡಿ ಗ್ರಾಮಗಳಿಗೆ ಕ್ಷೇತ್ರ ಪರೀಕ್ಷಾ ಕಿಟ್‌ಗಳನ್ನು ನೀಡಿ, ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆಯಿದೆ. ಫಲಿತಾಂಶವನ್ನು ಆನ್‌ಲೈನಿನಲ್ಲಿ ದಾಖಲಿಸುವ ಜಾಲವೂ ಇದೆ. ಬೇಸಿಗೆಯಲ್ಲಿ ನೀರು ಆಳಕ್ಕಿಳಿದಾಗ ಫ್ಲೋರೈಡ್ ಪ್ರಮಾಣ ಬದಲಾಗುತ್ತದೆಯೇ? ಮಳೆ ಬಿದ್ದ ಮೇಲೆ? ತನ್ನ ಓಣಿಯ ನೀರಿನ ಬಗ್ಗೆ ಇಂಥ ಪ್ರಶ್ನೆ ಕೇಳಿ, ಅಳೆದು, ನಕ್ಷೆಯ ಮೇಲೆ ಗುರುತಿಸಿದ ವಿದ್ಯಾರ್ಥಿಗೆ ರಾಸಾಯನಿಕ ವಿಶ್ಲೇಷಣೆ ಎಂಬ ಅಧ್ಯಾಯ ಮತ್ತೆಂದೂ ಪರಕೀಯವೆನಿಸದು. ಕಿಟ್ಟಿನ ರಾಸಾಯನಿಕಗಳನ್ನು ಮಕ್ಕಳು ಬಳಸುವಾಗ ಹಿರಿಯರೊಬ್ಬರು ಪಕ್ಕದಲ್ಲಿರಬೇಕಾದ್ದು ಅಗತ್ಯ ಎಂಬುದನ್ನೂ ಹೇಳಲೇಬೇಕು.

ಆನ್‌ಲೈನ್ ಎಂಬ ಪದಕ್ಕೆ ನಿಜವಾದ ಬೆಲೆ ಬರುವುದು ಮೇ ಮೊದಲ ವಾರದ ಒಂದು ಮಧ್ಯಾಹ್ನ. ಇಳಕಲ್ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 4ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 22 ನಿಮಿಷದ ಆಸುಪಾಸಿನಲ್ಲಿ, ಸೂರ್ಯ ಈ ಊರಿನ ನೆತ್ತಿಯ ಮೇಲೆ ಸರಿಯಾಗಿ ನಿಲ್ಲುತ್ತಾನೆ. ನೆಟ್ಟ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗಿಹೋಗುತ್ತದೆ. ಇದೇ ಶೂನ್ಯ ನೆರಳಿನ ದಿನ. ಭಾರತೀಯ ಖಗೋಳ ಸೊಸೈಟಿಯ ಜನಸಂಪರ್ಕ ಸಮಿತಿ ವರ್ಷಗಳಿಂದ ಇದನ್ನು ಜನಪ್ರಿಯಗೊಳಿಸುತ್ತ ಬಂದಿದೆ. ವರ್ಷದಲ್ಲಿ ಎರಡನೇ ಬಾರಿ ಇದು ಮರಳುವುದು ಆಗಸ್ಟ್ 8ರ ಹೊತ್ತಿಗೆ. ಆಗ ಶಾಲೆ ಇರುತ್ತದೆ, ಆದರೆ ಮುಂಗಾರಿನ ಮೋಡ ಸೂರ್ಯನನ್ನು ಬಿಟ್ಟುಕೊಟ್ಟರೆ ಪುಣ್ಯ. ಹೀಗಾಗಿ ನಿಚ್ಚಳ ಆಕಾಶವಿರುವ ಅವಕಾಶ ಬೇಸಿಗೆ ರಜೆಯೊಳಗೇ ಬೀಳುತ್ತದೆ.

ಅದೇ ದಿನ ಬೆಂಗಳೂರಿನಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟರೆ, ಅಲ್ಲಿನ ಮಧ್ಯಾಹ್ನ 12.16ರ ಸುಮಾರಿಗೆ, ಸುಮಾರು 5 ಸೆಂಟಿಮೀಟರ್ ನೆರಳು ದಕ್ಷಿಣಕ್ಕೆ ಚಾಚುತ್ತದೆ. ಅಲ್ಲಿ ಸೂರ್ಯ ನೆತ್ತಿಯಿಂದ ಮೂರು ಡಿಗ್ರಿ ಉತ್ತರಕ್ಕಿರುತ್ತಾನೆ. ಎರಡೂ ಊರುಗಳ ಉತ್ತರ–ದಕ್ಷಿಣ ಅಂತರ ಸುಮಾರು 332 ಕಿಲೋಮೀಟರ್. ಮೂರು ಡಿಗ್ರಿಗೆ 332 ಆದರೆ 360 ಡಿಗ್ರಿಗೆ ಎಷ್ಟು? ಸುಮಾರು 39,840 ಕಿಲೋಮೀಟರ್. ಭೂಮಿಯ ನಿಜವಾದ ಸುತ್ತಳತೆಗೆ ತೀರ ಹತ್ತಿರ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ಥೆನೀಸ್ ಮಾಡಿದ ಲೆಕ್ಕವನ್ನು ಇಳಕಲ್ಲಿನ ಶಾಲಾ ಅಂಗಳ ಮತ್ತು ಬೆಂಗಳೂರಿನ ತಾರಸಿ ಕೂಡಿ ಮಾಡಬಹುದು. ಕೋಲು ವಾಲಿದ್ದರೆ ಉತ್ತರ ಕೆಡುತ್ತದೆ. ನೆರಳಿನ ಅಂಚು ಮಸುಕಾಗಿರುವುದರಿಂದ ಅರ್ಧ ಸೆಂಟಿಮೀಟರ್ ತಪ್ಪಿದರೂ ಸಾವಿರಾರು ಕಿಲೋಮೀಟರ್ ಏರುಪೇರಾಗುತ್ತದೆ. ಆ ತಪ್ಪು ಎಲ್ಲಿಂದ ಬಂತೆಂದು ಎರಡೂ ಊರಿನ ಮಕ್ಕಳು ಸಂಜೆ ವಿಡಿಯೊ ಕರೆಯಲ್ಲಿ ಚರ್ಚಿಸುವುದೇ ನಿಜವಾದ ಪಾಠ. ಗಮನಾರ್ಹವೆಂದರೆ ಈ ಲೆಕ್ಕದಲ್ಲಿ ಬೆಂಗಳೂರು ಹೇಳಿಕೊಡುವುದಿಲ್ಲ, ಇಳಕಲ್ ಕೇಳಿಸಿಕೊಳ್ಳುವುದೂ ಇಲ್ಲ. ಒಂದು ಊರಿನ ಅಳತೆ ಇಲ್ಲದೆ ಇನ್ನೊಂದರ ಅಳತೆ ಅಪೂರ್ಣ. ದೂರವೇ ಇಲ್ಲಿ ಉಪಕರಣ. ಎಜುಸ್ಯಾಟ್‌ನಿಂದ ದೀಕ್ಷಾವರೆಗೆ ಯಾವ ಯೋಜನೆಯೂ ಅಂತರ್ಜಾಲವನ್ನು ಈ ದಿಕ್ಕಿನಲ್ಲಿ ಮುಖ್ಯವಾಗಿ ಬಳಸಿಕೊಳ್ಳಲಿಲ್ಲವೆಂಬುದು ವಿಷಾದದ ಸಂಗತಿ.

ಬೀಗದ ಕೈ ಯಾರಲ್ಲಿ?

ಇಷ್ಟಕ್ಕೆ ಬೇಕಾದದ್ದು ಒಂದು ಕೋಣೆ, ಬೆಳಿಗ್ಗೆ ಏಳರಿಂದ ಹತ್ತರವರೆಗಿನ ತಂಪು ಹೊತ್ತು, ನಾಲ್ಕೈದು ಫೋನ್, ಒಬ್ಬ ಜವಾಬ್ದಾರಿಯುತ ಹಿರಿಯ. ಕೋಣೆ ಶಾಲೆಯಲ್ಲಿದೆ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ನೀಡುವ ಘೋಷಣೆ 2023ರ ರಾಜ್ಯೋತ್ಸವದಂದೇ ಆಗಿದೆ. ರಜೆಯಲ್ಲಿ ಶಾಲೆ ತೆರೆಯುವುದು ಅಸಾಧ್ಯವೆಂಬ ಮಾತಿಗೂ 2024ರಲ್ಲೇ ಉತ್ತರ ಸಿಕ್ಕಿತು: ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ್ದ ಆ ವರ್ಷ ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಬಿಸಿಯೂಟ ಬಡಿಸಲಾಯಿತು. ಊಟಕ್ಕೆ ತೆರೆಯಬಹುದಾದ ಬಾಗಿಲು ಪ್ರಯೋಗಕ್ಕೂ ತೆರೆಯಬಹುದು.

ಕಷ್ಟವಿರುವುದು ಹಿರಿಯನ ವಿಷಯದಲ್ಲಿ. ಶಿಕ್ಷಕರಿಗೆ ರಜೆ ಹಕ್ಕಿನದು. 2023–24ರಿಂದ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆಗಳ ಪದ್ಧತಿ ಬಂದ ಮೇಲೆ ಅನುತ್ತೀರ್ಣರಾದವರಿಗೆ ಬೇಸಿಗೆಯೂ ಪರೀಕ್ಷಾ ತಯಾರಿಯ ಕಾಲವಾಗಿದ್ದು, ಅದರ ಹೊರೆಯನ್ನು ಹೊರುವವರೂ ಇದೇ ಶಿಕ್ಷಕರು. ಅವರ ಮೇಲೆ ಮತ್ತೊಂದು ಕಡ್ಡಾಯ ಕೆಲಸ ಹೇರುವುದು ತರವಲ್ಲ. ರಜೆಯಲ್ಲಿ ದುಡಿದವರಿಗೆ ಗಳಿಕೆ ರಜೆ ನೀಡಲು ಸೇವಾ ನಿಯಮಗಳಲ್ಲಿ ಅವಕಾಶವಿದೆ. ಇಚ್ಛೆಯಿಂದ ಮುಂದೆ ಬರುವ ವಿಜ್ಞಾನ ಶಿಕ್ಷಕರಿಗೆ ಅದನ್ನು ವಿಳಂಬವಿಲ್ಲದೆ ಕೊಟ್ಟರೆ ಸಾಕು. 1963ರಿಂದ ಬಾಗಲಕೋಟೆಯಲ್ಲಿರುವ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು, 2008ರಲ್ಲಿ ಸ್ಥಾಪನೆಯಾದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ರಜೆಗೆ ತಮ್ಮ ಊರುಗಳಿಗೆ ಮರಳುವವರೇ. ಅಗಸ್ತ್ಯ ಅಂತರರಾಷ್ಟ್ರೀಯ ಪ್ರತಿಷ್ಠಾನ 1999ರಿಂದ ಕುಪ್ಪಂ ಬಳಿ ಕಟ್ಟಿದ ಮಾದರಿಯಲ್ಲಿ, ಸಂಚಾರಿ ಪ್ರಯೋಗಾಲಯಗಳ ಜೊತೆಗೆ ದೊಡ್ಡ ತರಗತಿಯ ಮಕ್ಕಳೇ ಚಿಕ್ಕವರಿಗೆ ಕಲಿಸುವ ಪರಿಪಾಠವಿದೆ. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿಗೆ ಜಿಲ್ಲೆಗಳಲ್ಲಿ ಕಾರ್ಯಕರ್ತರ ಬಳಗವಿದೆ, ಕನ್ನಡದಲ್ಲಿ ವಿಜ್ಞಾನ ಹೇಳುವ ದಶಕಗಳ ಅನುಭವವಿದೆ.

ಇವರೆಲ್ಲರನ್ನೂ ಒಂದೆಡೆ ಕೂರಿಸಬಲ್ಲ ಸಂಸ್ಥೆ ಹುಡುಕಲು ದೂರ ಹೋಗಬೇಕಿಲ್ಲ. ಬಾಗಲಕೋಟೆ ಜಿಲ್ಲೆಯ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಇರುವುದು ಜಿಲ್ಲಾ ಕೇಂದ್ರದಲ್ಲಲ್ಲ, ಇಳಕಲ್ಲಿನಲ್ಲೇ. ಶಿಕ್ಷಕರಿಗೆ ತರಬೇತಿ ನೀಡುವುದೇ ಅದರ ಕೆಲಸ. ಮಾರ್ಚ್ ತಿಂಗಳೊಳಗೆ ನಾಲ್ಕೈದು ಶಾಲೆಗಳನ್ನು ಗುರುತಿಸಿ, ಏಪ್ರಿಲ್‌ನಲ್ಲಿ ಎರಡು ದಿನ ತರಬೇತಿ ನಡೆಸಿದರೆ ಮೇ 4ಕ್ಕೆ ಮೊದಲು ಕೋಲು ನೆಡಲು ಸಮಯವಿರುತ್ತದೆ. ಬೆಂಗಳೂರಿನ ಯಾವ ಶಾಲೆ ಆ ದಿನ ಐದು ಸೆಂಟಿಮೀಟರ್ ನೆರಳನ್ನು ಅಳೆದು ಕಳುಹಿಸೀತೆಂಬುದನ್ನೂ ಅಷ್ಟರೊಳಗೆ ನಿಶ್ಚಯಿಸಿಕೊಳ್ಳಬೇಕಾಗುತ್ತದೆ.